ತಾನಾಗಿ, ಆಟೋಮೆಟಿಕ್ಕಾಗಿ

ಸರಿರಾತ್ರಿ ತ್ರೀ ಫೇಸ್ ಕರೆಂಟ್ ಬಂತೆಂದರೆ ದಾವಣಗೆರೆ ಕಡೆಯ ನಮ್ಮೂರು ಲೋಕಿಕೆರೆಯ ಸುತ್ತಿನ ತೋಟಗಳಲ್ಲಿ ಒಂದಾದ ಮೇಲೊಂದು ಮೋಟಾರು ಗುಂಯ್‌ಗುಡತೊಡಗುತ್ತದೆ. ಸ್ಟಾರ್ಟರ್ ಡಬ್ಬಿಯ ಹತ್ತಿರ ಯಾರೂ ಇರುವುದಿಲ್ಲ. ನಾನು ಚಿಕ್ಕವನಿದ್ದಾಗ ಹಾಗಿರಲಿಲ್ಲ. ಬ್ಯಾಟರಿ ಹಿಡಿದು, ಹಾವು ಚೇಳಿನ ಹೆದರಿಕೆಯಲ್ಲೇ ಬದುವಿನ ಮೇಲೆ ನಡೆದು ಹೋಗಿ, ಹಸಿರು ಗುಂಡಿ ಒತ್ತಿ ಬರಬೇಕಿತ್ತು. ಈಗ ಡಬ್ಬಿಯೊಳಗೆ ಸಣ್ಣದೊಂದು ಸಾಧನ ಕೂರಿಸಿದ್ದಾರೆ. ಊರಲ್ಲಿ ಅದರ ಹೆಸರು 'ಆಟೋ'. "ಆಟೋ ಹಾಕ್ಸೀವಲ್ಲಪ್ಪ, ಕರೆಂಟ್ ಬಂದ್ರೆ ಆಟೋಮೆಟಿಕ್ಕಾಗಿ ಆನ್ ಆಗ್ತತಿ" ಎಂದು ದೊಡ್ಡಪ್ಪ ಹೇಳಿದ್ದು ನನ್ನ ಕಿವಿಯಲ್ಲಿ ಉಳಿದುಬಿಟ್ಟಿದೆ. ಅದು ಉಳಿಯಲು ಕಾರಣ ಅವರ ಮುಂದಿನ ಮಾತು. ತೋಟದ ಅಂಚಿನಲ್ಲಿ ಎದ್ದಿದ್ದ ಹುರುಳಿ ಸಸಿಗಳನ್ನು ತೋರಿಸಿ, "ಇದನ್ನ ಬಿತ್ತಿದ್ದಲ್ಲ, ಹೋದ ವರ್ಷ ಉದುರಿದ್ದು ತಾನಾಗೇ ಹುಟ್ಟೇತಿ" ಅಂದರು.

ಒಂದೇ ಬಾಯಿ, ಒಂದೇ ನಿಮಿಷ, ಎರಡು ಪದ. ಮೋಟಾರಿಗೆ ಆಟೋಮೆಟಿಕ್ಕಾಗಿ, ಹುರುಳಿಗೆ ತಾನಾಗಿ. ಎರಡನ್ನೂ ಅದಲುಬದಲು ಮಾಡಿ ಹೇಳಿ ನೋಡಿದೆ, ಕಿವಿ ಒಪ್ಪಲಿಲ್ಲ. ಇಂಗ್ಲಿಷಿನಿಂದ ಬಂದ ಪದವೊಂದು ಕನ್ನಡದ ಹಳೆಯ ಪದದ ಪಕ್ಕದಲ್ಲಿ ಕೂತು ತನ್ನ ಪಾಲಿನ ಹೊಲವನ್ನು ಬೇರೆ ಮಾಡಿಕೊಂಡಿದೆ. ಆ ಪದ ಎಲ್ಲಿಂದ ಹೊರಟಿತು, ಯಾವ ದಾರಿಯಲ್ಲಿ ನಮ್ಮೂರಿಗೆ ಬಂತು, ಬರುವಾಗ ಏನನ್ನು ಕಳೆದುಕೊಂಡಿತು ಎಂದು ನೋಡುತ್ತಾ ಹೋದಾಗ, ಕಳೆದುಕೊಂಡದ್ದೇ ಮುಖ್ಯವಾಗಿ ಕಂಡಿತು.

ಹುಟ್ಟಿದೂರು ಗ್ರೀಸ್. ಅಲ್ಲಿನ ಪದ ಔತೊಮತೊಸ್. ಮೊದಲ ಭಾಗ 'ಔತೊ' ಎಂದರೆ ತಾನು, ಸ್ವತಃ. ಇದರಲ್ಲಿ ಯಾರಿಗೂ ತಕರಾರಿಲ್ಲ. ಎರಡನೆಯ ಭಾಗ 'ಮತೊಸ್' ಏನು ಎಂಬುದರ ಮೇಲೆ ಹಳಬರಿಗೂ ಈಗಿನವರಿಗೂ ದಾರಿ ಬೇರೆಯಾಗುತ್ತದೆ. ಅರಿಸ್ಟಾಟಲ್ ತನ್ನ 'ಫಿಸಿಕ್ಸ್' ಗ್ರಂಥದ ಎರಡನೆಯ ಭಾಗದಲ್ಲಿ ಆಕಸ್ಮಿಕದ ಬಗ್ಗೆ ಚರ್ಚಿಸುತ್ತಾ, ಈ ಪದಕ್ಕೂ 'ಮಾತೆನ್' ಎಂಬ ಪದಕ್ಕೂ ನಂಟು ಕಟ್ಟುತ್ತಾನೆ. ಮಾತೆನ್ ಎಂದರೆ ವ್ಯರ್ಥವಾಗಿ, ಉದ್ದೇಶವಿಲ್ಲದೆ. ಕುದುರೆಯೊಂದು ಎಲ್ಲಿಂದಲೋ ಇತ್ತ ಬಂತು, ಬಂದದ್ದರಿಂದ ಬದುಕಿಕೊಂಡಿತು, ಆದರೆ ಬದುಕಲೆಂದು ಬಂದದ್ದಲ್ಲ. ಅದು ಔತೊಮತೊಸ್ ಎನ್ನುವುದು ಅವನ ಉದಾಹರಣೆ. ಮುಕ್ಕಾಲಿಪೀಠ ಮೇಲಿಂದ ಬಿದ್ದು ಕಾಲೂರಿ ನಿಂತಿತು, ಕೂರಲು ಅನುಕೂಲವಾಯಿತು, ಆದರೆ ಯಾರೋ ಕೂರಲಿ ಎಂದು ಅದು ಬೀಳಲಿಲ್ಲ, ಅದೂ ಹಾಗೆಯೇ. ನಮ್ಮಲ್ಲಿ ಇದಕ್ಕೆ ಕಾಗೆಯ ಕಥೆ ಇದೆ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋದದ್ದು ಕಾಕತಾಳೀಯ. ಗ್ರೀಸಿನ ಕುದುರೆಯೂ ನಮ್ಮ ಕಾಗೆಯೂ ಒಂದೇ ಜಗಲಿಯಲ್ಲಿ ಕೂರಬಲ್ಲವು.

ತತ್ತ್ವವಾಗಿ ಅರಿಸ್ಟಾಟಲ್ ಹೇಳಿದ್ದು ಸೊಗಸಾಗಿದೆ. ಪದದ ಹುಟ್ಟಿನ ವಿಚಾರದಲ್ಲಿ ಅದನ್ನು ಈಗ ಯಾರೂ ಹಿಡಿದುಕೊಂಡಿಲ್ಲ. ಭಾಷೆಗಳನ್ನು ಹೋಲಿಸಿ ನೋಡುವ ವಿದ್ವಾಂಸರು 'ಮತೊಸ್' ಅನ್ನು 'ಮೆನ್' ಎಂಬ ಬಹು ಹಳೆಯ ಮೂಲಕ್ಕೆ ಒಯ್ಯುತ್ತಾರೆ. ಮೆನ್ ಎಂದರೆ ಯೋಚಿಸು, ಮನಸ್ಸು ಮಾಡು. ಇಂಡೋ-ಯುರೋಪಿಯನ್ ಎನ್ನುವ ಭಾಷಾ ಕುಟುಂಬದ ಮೂಲ ಅದು. ಅದೇ ಬೇರಿನಿಂದ ಸಂಸ್ಕೃತದಲ್ಲಿ ಮನಸ್, ಮತಿ, ಮಂತ್ರ ಬಂದವು, 'ಮತ' ಬಂತು. ಗ್ರೀಕಿನ 'ಮತೊಸ್' ಮತ್ತು ಸಂಸ್ಕೃತದ 'ಮತ' ಒಂದೇ ಅಚ್ಚಿನಲ್ಲಿ ಎರಕವಾದವು. ಚುನಾವಣೆಯಲ್ಲಿ ನಾವು ಹಾಕುವ ಮತ, ಸಭೆಯಲ್ಲಿ ಪಡೆಯುವ ಸಮ್ಮತಿ, ಗಂಡಿನ ಕಡೆಯವರು ಕೇಳುವ ಅನುಮತಿ, ಇವೆಲ್ಲ ಸ್ಟಾರ್ಟರ್ ಡಬ್ಬಿಯೊಳಗಿನ ಆ ಸಣ್ಣ ಸಾಧನದ ಹೆಸರಿಗೆ ದೂರದ ಬಳಗ. ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಸಿಕ್ಕ ಬಂಗಾರ ಇದು. ಔತೊಮತೊಸ್ ಎಂದರೆ ಮನಸ್ಸಿಲ್ಲದೆ ನಡೆಯುವುದಲ್ಲ. ತಾನೇ ಮನಸ್ಸು ಮಾಡಿದ್ದು, ಸ್ವಂತ ಮತಿಯಿಂದ ಹೊರಟದ್ದು.

ಹೋಮರನ 'ಇಲಿಯಡ್' ಕಾವ್ಯದಲ್ಲಿ ಈ ಪದ ಬರುವ ಜಾಗಗಳನ್ನು ನೋಡಿದರೆ ಮನಸ್ಸು ಇನ್ನೂ ಅದರೊಳಗೆ ಇದೆ. ಎರಡನೆಯ ಸರ್ಗದಲ್ಲಿ ಅಗಮೆಮ್ನಾನ್ ಹಿರಿಯರನ್ನೆಲ್ಲ ಊಟಕ್ಕೆ ಕರೆಯುತ್ತಾನೆ. ತಮ್ಮ ಮೆನೆಲೌಸ್‌ಗೆ ಕರೆಯಿಲ್ಲ. ಅವನು ಔತೊಮತೊಸ್ ಆಗಿ ಬರುತ್ತಾನೆ, ಏಕೆಂದರೆ ಅಣ್ಣನ ಕಷ್ಟ ಅವನ ಮನಸ್ಸಿಗೆ ಗೊತ್ತು. ಇದನ್ನು ಕನ್ನಡದಲ್ಲಿ ಹೇಳುವವರು 'ಆಟೋಮೆಟಿಕ್ಕಾಗಿ ಬಂದ' ಎನ್ನಲಾರರು. 'ಕರೆಯದಿದ್ದರೂ ತಾನಾಗಿಯೇ ಬಂದ' ಎನ್ನುತ್ತಾರೆ. ಐದನೆಯ ಸರ್ಗದಲ್ಲಿ ಹೇರಾದೇವಿಯ ರಥ ಬರುವಾಗ ಸ್ವರ್ಗದ ಬಾಗಿಲುಗಳು ತಾವಾಗಿ ಗರಗರನೆ ತೆರೆದುಕೊಳ್ಳುತ್ತವೆ. ಆ ಬಾಗಿಲು ಕಾಯುವವರು ಹೋರಾಯ್ ಎಂಬ ದೇವತೆಯರು, ಋತುಗಳ ಒಡತಿಯರು. 'ಹೋರಾ' ಕನ್ನಡದ ಓದುಗರಿಗೆ ಹೊಸದಲ್ಲ. ಜೋಯಿಸರು ಪಂಚಾಂಗ ಹಿಡಿದು ಹೇಳುವ ಹೋರಾ ಕಾಲ ಇದೇ ಪದ. ಗ್ರೀಕರ ಜ್ಯೋತಿಷ ಸಂಸ್ಕೃತಕ್ಕೆ ಬಂದಾಗ ಜೊತೆಯಲ್ಲಿ ಬಂತು. ಹದಿನೆಂಟನೆಯ ಸರ್ಗದಲ್ಲಿ ಕಮ್ಮಾರ ದೇವರು ಹೆಫೈಸ್ಟಸ್ 20 ಮುಕ್ಕಾಲಿಪೀಠಗಳಿಗೆ ಚಿನ್ನದ ಗಾಲಿ ಜೋಡಿಸಿ, ಅವು ದೇವಸಭೆಗೆ ತಾವೇ ಹೋಗಿ ತಾವೇ ಮನೆಗೆ ಮರಳುವಂತೆ ಮಾಡಿರುತ್ತಾನೆ. ಒಬ್ಬ ಮನುಷ್ಯ, ಒಂದು ಬಾಗಿಲು, ಒಂದು ಯಂತ್ರ. ಮೂರಕ್ಕೂ ಒಂದೇ ಪದ.

ಹೊಲದ ಜನರಿಗೆ ಹತ್ತಿರದವನು ಹೆಸಿಯಡ್. ಅವನು ಸ್ವತಃ ಬೇಸಾಯಗಾರ ಕವಿ. ಸತ್ಯಯುಗದಂಥ ಒಂದು ಕಾಲದಲ್ಲಿ ಭೂಮಿ ತಾನಾಗಿಯೇ ಬೆಳೆ ಕೊಡುತ್ತಿತ್ತು ಎನ್ನುವಾಗಲೂ ಅವನು ಈ ಪದವನ್ನೇ ಬಳಸುತ್ತಾನೆ. ಪಂಡೋರಳ ಭರಣಿಯಿಂದ ಹೊರಬಿದ್ದ ರೋಗಗಳು ಹಗಲೂ ಇರುಳೂ ತಾವಾಗಿಯೇ ಮನುಷ್ಯರ ಬಳಿಗೆ ಬರುತ್ತವೆ ಎನ್ನುವಾಗಲೂ ಇದನ್ನೇ. ಯಹೂದಿಗಳ ಧರ್ಮಗ್ರಂಥವನ್ನು ಗ್ರೀಕಿಗೆ ತಂದವರು, ಹೊಲವನ್ನು ಬೀಳುಬಿಟ್ಟ ವರ್ಷ ಬಿತ್ತದೆ ಹುಟ್ಟಿದ ಪೈರಿಗೆ ಇದೇ ಪದ ಇಟ್ಟರು. ಅದು ದೊಡ್ಡಪ್ಪನ ಹುರುಳಿಯೇ. ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ರೈತ ಬೀಜ ಚೆಲ್ಲಿ ಮಲಗುತ್ತಾನೆ, ಏಳುತ್ತಾನೆ, ಬೀಜ ಹೇಗೆ ಮೊಳೆಯಿತೆಂದು ಅವನಿಗೇ ತಿಳಿಯದು, ಭೂಮಿ ತಾನಾಗಿ ಮೊದಲು ಗರಿ, ಆಮೇಲೆ ತೆನೆ, ಆಮೇಲೆ ಕಾಳು ಕೊಡುತ್ತದೆ. ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದವೂ ಔತೊಮತೆ. ಈ ಸುವಾರ್ತೆಯನ್ನು ಕನ್ನಡಕ್ಕೆ ತರುವ ಕೆಲಸ 19ನೆಯ ಶತಮಾನದ ಆರಂಭದಲ್ಲಿ ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರಿಂದ ನಡೆಯಿತು. ಅವರಲ್ಲೊಬ್ಬರಾದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ ಹೊರತಂದರು. ದಾವಣಗೆರೆ ಸೀಮೆಗೆ ಬಳ್ಳಾರಿ ಪಕ್ಕದ ಮನೆ. ಈ ಗ್ರೀಕ್ ಪದದ ಅರ್ಥ ನಮ್ಮ ಬಯಲಿಗೆ ಮೊದಲು ಬಂದದ್ದು ಯಂತ್ರದ ಜೊತೆಗಲ್ಲ, ಹೊಲದ ಕಥೆಯ ಜೊತೆಗೆ. ಅದೂ ಕನ್ನಡದ ಬಟ್ಟೆ ಉಟ್ಟುಕೊಂಡು.

ಹಾಗಾದರೆ ಮನಸ್ಸು ಎಲ್ಲಿ ಕಳಚಿಬಿತ್ತು? ಗ್ರೀಕರ ಕಾಲದಲ್ಲೇ ಕಳಚಲು ಶುರುವಾಗಿತ್ತು. ಕ್ರಿ.ಶ. ಮೊದಲನೆಯ ಶತಮಾನದ ಅಲೆಕ್ಸಾಂಡ್ರಿಯದ ಹೀರೋ ಎಂಬಾತ ತಾವೇ ಚಲಿಸುವ ಬೊಂಬೆಗಳನ್ನು ಮಾಡುವ ಬಗ್ಗೆ ಪುಸ್ತಕವನ್ನೇ ಬರೆದ. ಪೀಠದ ಮೇಲೆ ಬೆಂಕಿ ಹೊತ್ತಿಸಿದರೆ ಗಾಳಿ ಹಿಗ್ಗಿ, ನೀರು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಇಳಿದು, ಆ ಭಾರಕ್ಕೆ ಹಗ್ಗ ಎಳೆದು ಗುಡಿಯ ಬಾಗಿಲು ತೆರೆಯುವ ಏರ್ಪಾಟು ಅವನದು. ನಾಣ್ಯ ಹಾಕಿದರೆ ತೀರ್ಥ ಬೀಳುವ ಪೆಟ್ಟಿಗೆಯನ್ನೂ ಅವನು ವರ್ಣಿಸಿದ್ದಾನೆ. ಹೋಮರನಲ್ಲಿ ದೇವತೆಗಾಗಿ ತೆರೆದ ಬಾಗಿಲು ಹೀರೋನಲ್ಲಿ ಬಿಸಿಗಾಳಿಗೆ ತೆರೆಯಿತು. ರೋಮಿನವರು ಪದವನ್ನು ಲ್ಯಾಟಿನ್ನಿಗೆ ಎತ್ತಿಕೊಂಡಾಗ ಅದು ಬಹುಮಟ್ಟಿಗೆ ಅಚ್ಚರಿಯ ಯಂತ್ರದ ಹೆಸರಾಗಿತ್ತು. 1651ರಲ್ಲಿ ಥಾಮಸ್ ಹಾಬ್ಸ್ 'ಲೆವಿಯಥಾನ್' ಬರೆಯುವಾಗ ಆಟೊಮೇಟಾ ಎಂದರೆ ಗಡಿಯಾರದಂತೆ ಸ್ಪ್ರಿಂಗು ಚಕ್ರಗಳಿಂದ ತಾವೇ ಚಲಿಸುವ ಯಂತ್ರಗಳು. 18ನೆಯ ಶತಮಾನದ ಮಧ್ಯದಲ್ಲಿ ಡೇವಿಡ್ ಹಾರ್ಟ್ಲಿ ಎಂಬ ವೈದ್ಯ ಅದನ್ನು ಮನುಷ್ಯನ ಮೈಗೇ ತಂದ: ಹೃದಯದ ಬಡಿತದಂಥ, ನಾವು ಮನಸ್ಸು ಮಾಡದೆ ನಡೆಯುವ ಚಲನೆಗಳು ಆಟೋಮ್ಯಾಟಿಕ್, ಬೇಕೆಂದು ಮಾಡುವವು ಅದಕ್ಕೆ ಎದುರು. ಪದ ಪೂರ್ತಿ ತಿರುಗಿ ನಿಂತಿತು. ಸ್ವಂತ ಮನಸ್ಸಿನಿಂದ ಮಾಡಿದ್ದು ಎಂದು ಹುಟ್ಟಿದ್ದು, ಮನಸ್ಸಿನ ಸೋಂಕಿಲ್ಲದೆ ನಡೆಯುವುದು ಎಂದಾಯಿತು.

ಇಂಗ್ಲಿಷಿನ ಕ್ರಿಯಾವಿಶೇಷಣ 'ಆಟೋಮ್ಯಾಟಿಕಲಿ' ಹೇಗೆ ಕಟ್ಟಿಕೊಂಡಿದೆ ಎಂಬುದನ್ನೂ ಬಿಚ್ಚಿ ನೋಡಬೇಕು, ಏಕೆಂದರೆ ಕನ್ನಡ ಅದನ್ನು ಹೇಗೆ ಮುರಿದು ಹಾಕಿಕೊಂಡಿತು ಎನ್ನುವುದು ಅಲ್ಲೇ ತಿಳಿಯುತ್ತದೆ. 'ಆಟೋಮ್ಯಾಟ್' ಗ್ರೀಕು. 'ಇಕ್' ಕೂಡ ಗ್ರೀಕಿನ 'ಇಕೊಸ್', ನಮ್ಮ ಧಾರ್ಮಿಕ, ಸಾಮಾಜಿಕ ಪದಗಳಲ್ಲಿರುವ 'ಇಕ'ದಂತೆ ಕೆಲಸ ಮಾಡುವಂಥದ್ದು. 'ಅಲ್' ಲ್ಯಾಟಿನ್ನಿನದು. ಕೊನೆಯ 'ಲಿ' ಮಾತ್ರ ಇಂಗ್ಲಿಷಿನ ಮನೆಮಗ. ಹಳೆಯ ಇಂಗ್ಲಿಷಿನಲ್ಲಿ 'ಲೀಕ್' ಎಂದರೆ ಮೈ, ಒಡಲು. ಯಾವುದೋ ಒಂದರ ಮೈಯುಳ್ಳದ್ದಾಗಿ, ಅದರ ರೂಪದಲ್ಲಿ ಎನ್ನುವ ಅರ್ಥದಿಂದ ಈ ಪ್ರತ್ಯಯ ಬೆಳೆಯಿತು. ಮೂರು ಭಾಷೆಗಳ ನಾಲ್ಕು ತುಂಡು ಸೇರಿ ಒಂದು ಪದ.

ದಾವಣಗೆರೆಯ ಮಾತು ಈ ಪದದಿಂದ 'ಅಲಿ' ಎಂಬ ಬಾಲವನ್ನು ಕತ್ತರಿಸಿ ಹಾಕಿತು. 'ಆಟೋಮೆಟಿಕ್' ಎಂಬಲ್ಲಿಗೆ ನಿಲ್ಲಿಸಿ, ಕೊನೆಯ ಕಕಾರವನ್ನು ಇಮ್ಮಡಿಸಿ, ಅದರ ಮೇಲೆ ತನ್ನ 'ಆಗಿ'ಯನ್ನು ಕೂರಿಸಿತು. ಪ್ರಾಕ್ಟಿಕಲ್ಲಾಗಿ, ಟೆಕ್ನಿಕಲ್ಲಾಗಿ, ಸಿಸ್ಟಮ್ಯಾಟಿಕ್ಕಾಗಿ ಹುಟ್ಟಿದ್ದೂ ಹೀಗೆಯೇ. ಇವೆಲ್ಲದರ ಬೇರೂ ಗ್ರೀಕಿನಲ್ಲೇ ಇದೆ. ಆದರೆ ಕ್ರಿಯಾವಿಶೇಷಣವನ್ನಾಗಿ ಮಾಡಿದ ಶಕ್ತಿ ಅಪ್ಪಟ ಕನ್ನಡದ್ದು. 'ಆಗಿ' ಎಂಬುದು 'ಆಗು' ಧಾತುವಿನ ಕೃದಂತ ರೂಪ. ಇಂಗ್ಲಿಷ್ ಮೈಯಿಂದ ಹೇಳುವುದನ್ನು ಕನ್ನಡ ಆಗುವಿಕೆಯಿಂದ ಹೇಳುತ್ತದೆ. ಈ ಹೋಲಿಕೆ ನನಗೆ ಬಹಳ ಇಷ್ಟ. ಕನ್ನಡಕ್ಕೆ ಬೇರೆ ದಾರಿಗಳೂ ಇವೆ: ಮೆಲ್ಲನೆ, ತಣ್ಣನೆ, ಗಕ್ಕನೆ ಎನ್ನುವಲ್ಲಿನ 'ಅನೆ', ಮೆಲ್ಲಗೆ, ಬೆಳ್ಳಗೆ, ತೆಳ್ಳಗೆ ಎನ್ನುವಲ್ಲಿನ 'ಗೆ'. 13ನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ' ಇಂಥ ರೂಪಗಳನ್ನು ಅವ್ಯಯಗಳ ಗುಂಪಿನಲ್ಲಿಟ್ಟಿತು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದ ಡಿ.ಎನ್. ಶಂಕರಭಟ್ಟರು, ಸಂಸ್ಕೃತದ ಚೌಕಟ್ಟನ್ನು ಕನ್ನಡದ ಮೇಲೆ ಹೊರಿಸಿದ್ದರಿಂದ ಕನ್ನಡದ ಒಳರಚನೆ ಕಾಣದೆ ಹೋಯಿತು ಎಂದರು. ಅವರ ಎಲ್ಲ ಮಾತಿಗೂ ನಾನು ತಲೆಯಾಡಿಸಲಾರೆ. ಆದರೆ 'ಆಗಿ'ಯಂಥ ರೂಪದ ಕಸುವು ನೋಡಿದಾಗ ಆ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ. 'ಅನೆ', 'ಗೆ'ಗಳು ಹಳೆಯ ಪದಗಳಿಗೆ ಅಂಟಿಕೊಂಡು ನಿಂತುಬಿಟ್ಟವು. 'ಆಗಿ' ಮಾತ್ರ ಹೊಸದಾಗಿ ಬಂದ ಯಾವ ನೆಂಟನಿಗೂ ಒಲ್ಲೆ ಎನ್ನುವುದಿಲ್ಲ.

ಈ ನೆಂಟ ಊರಿಗೆ ಬಂದ ದಾರಿಗಳಲ್ಲಿ ನೀರಿನದು ದೊಡ್ಡದು. ಎಂ. ವಿಶ್ವೇಶ್ವರಯ್ಯನವರು ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಆಟೋಮ್ಯಾಟಿಕ್ ಗೇಟುಗಳನ್ನು ಕೂರಿಸಿದರು. ನೀರು ಗೊತ್ತಾದ ಮಟ್ಟ ದಾಟಿದರೆ ತೆರೆದುಕೊಂಡು, ಇಳಿದರೆ ಮುಚ್ಚಿಕೊಳ್ಳುವ ಬಾಗಿಲುಗಳು ಅವು. ಅದಕ್ಕೆ ಪೇಟೆಂಟ್ ಪಡೆದರು. ಆಮೇಲೆ ಅದೇ ಬಗೆಯ ಗೇಟುಗಳು ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೆ, ಕನ್ನಂಬಾಡಿಗೆ ಬಂದವು. ಮೈಸೂರು ಸಂಸ್ಥಾನದ ಇಂಜಿನಿಯರ್ ಗಣೇಶ ಅಯ್ಯರ್ ಇನ್ನೂ ಒಂದು ಹೆಜ್ಜೆ ಹೋಗಿ ಬಾಗಿಲೇ ಇಲ್ಲದ ಸೈಫನ್ ರೂಪಿಸಿದರು. ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಜಲಾಶಯದಲ್ಲಿ ಅದು ಇದೆ. ನೀರು ಅಂಚು ಮುಟ್ಟಿದಾಗ ಸುಳಿಯಾಗಿ ಒಳಗಿಳಿದು, ಗಾಳಿಯನ್ನು ಹೊರದೂಡಿ, ತುಂಬು ಕೊಳವೆಯಾಗಿ ಧುಮುಕುತ್ತದೆ. ಮಟ್ಟ ಇಳಿದು ಗಾಳಿ ಒಳಹೊಕ್ಕರೆ ನಿಂತುಬಿಡುತ್ತದೆ. ಹಲ್ಲುಚಕ್ರವಿಲ್ಲ, ಕರೆಂಟಿಲ್ಲ, ಕಾಯುವವನಿಲ್ಲ. ಇಂಥ ಕೆಲಸಗಳ ವರದಿಗಳಿಂದ ಆಟೋಮ್ಯಾಟಿಕ್ ಎಂಬ ಪದ ಸಂಸ್ಥಾನದ ಕಚೇರಿಗಳಿಗೆ ರೂಢಿಯಾಗಿರಬೇಕು.

ಆದರೆ ಈ ಅರ್ಥ ನಮ್ಮ ಕೆರೆಗಳಿಗೆ ಹೊಸದೇನಲ್ಲ. ಲೋಕಿಕೆರೆ, ದಾವಣಗೆರೆ ಎರಡೂ ಹೆಸರಿನಲ್ಲೇ ಕೆರೆ ಹೊತ್ತ ಊರುಗಳು. ಕೆರೆಗೆ ಎರಡು ದಾರಿ ಇರುತ್ತವೆ. ಒಂದು ತೂಬು, ಇನ್ನೊಂದು ಕೋಡಿ. ತೂಬನ್ನು ಒಬ್ಬ ಎತ್ತಬೇಕು, ಇಳಿಸಬೇಕು. ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಲೆಕ್ಕ ಇಡಬೇಕು. ಅದಕ್ಕೆಂದೇ ನೀರುಗಂಟಿ ಇದ್ದ. ಕೋಡಿಗೆ ಯಾರೂ ಬೇಡ. ಕೆರೆ ತುಂಬಿತೆಂದರೆ ಅದು ತಾನಾಗಿ ಬೀಳುತ್ತದೆ. 'ಕೋಡಿ ಬಿತ್ತು' ಎಂಬ ಎರಡು ಪದದಲ್ಲಿ ಕೆಲಸದ ರೀತಿ, ಮಳೆಯ ಸುದ್ದಿ, ಊರಿನ ಸಂತೋಷ ಮೂರೂ ಇವೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ, ಅಂದರೆ ಈಗಿನ ಶಾಂತಿಸಾಗರದ, ತೂಬುಗಳಿಗೆ ಸಿದ್ಧನ ತೂಬು, ಬಸವನ ತೂಬು ಎಂದು ಹೆಸರೇ ಇದೆ. ಎತ್ತಿ ಇಳಿಸುವ ಜಾಗಕ್ಕೆ ಯಾರದ್ದಾದರೂ ಹೆಸರು ಬೇಕು. ಆ ಕೆರೆಯ ನೀರು ಹರಿದ್ರಾ ಹಳ್ಳವಾಗಿ ಹರಿದು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ವಿಶ್ವೇಶ್ವರಯ್ಯನವರ ಗೇಟು, ಗಣೇಶ ಅಯ್ಯರ್ ಅವರ ಸೈಫನ್ ಎರಡೂ ಕೋಡಿಯ ಕುಲದವು; ಗ್ರೀಕ್ ಹೆಸರಿಟ್ಟುಕೊಂಡವು ಅಷ್ಟೇ.

ಹರಿಹರದ ಹೆಸರು ಬಂದಮೇಲೆ ಲೇತಿನ ಮಾತೂ ಬರಬೇಕು. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಇಡೀ ದೇಶಕ್ಕೆ ಲೇತ್ ಯಂತ್ರ ಮಾಡಿಕೊಟ್ಟ ಆ ಕಾರ್ಖಾನೆ ಈಗ ಇಲ್ಲ. ಆದರೆ ಅಲ್ಲಿನ ಮಾತು ಈ ಭಾಗದ ವರ್ಕ್‌ಶಾಪುಗಳಲ್ಲಿ ಉಳಿದಿದೆ. ಟರ್ನರ್ ಕೈಯಲ್ಲಿ ಚಕ್ರ ತಿರುಗಿಸಿ ಉಳಿಯನ್ನು ಮುಂದೆ ಒಯ್ಯುವುದು ಹ್ಯಾಂಡ್ ಫೀಡು. ಸನ್ನೆ ಹಾಕಿ ಯಂತ್ರಕ್ಕೇ ಬಿಡುವುದು ಆಟೋ ಫೀಡು. "ಆಟೋಕ್ ಹಾಕು" ಅಂದರೆ ಸಾಕು. ಹಾಕಿದವನು ಅಲ್ಲೇ ನಿಂತಿರುತ್ತಾನೆ, ಶಬ್ದ ಬದಲಾದರೆ ಕೂಡಲೇ ಸನ್ನೆ ಎತ್ತುತ್ತಾನೆ. ಪಂಪಿನ ಡಬ್ಬಿಯೊಳಗಿನ 'ಆಟೋ'ಗೂ ಈ 'ಆಟೋ'ಗೂ ಇರುವ ವ್ಯತ್ಯಾಸ ಅದು. ಇನ್ನು ರಸ್ತೆಯ ಮೇಲೆ ಓಡುವ ಆಟೋ. ಗ್ರೀಕಿನ ತಾನು, ಲ್ಯಾಟಿನ್ನಿನ ಚಲಿಸು ಎರಡೂ ಕೂಡಿ ಆಟೋಮೊಬೈಲ್ ಆಗಿ, ಅದು ತುಂಡಾಗಿ, ಜಪಾನಿನ ರಿಕ್ಷಾದ ಹೆಗಲೇರಿ, ಕೊನೆಗೆ ರಿಕ್ಷಾ ಕೂಡ ಬಿದ್ದುಹೋಗಿ ಬರೀ 'ತಾನು' ಉಳಿಯಿತು. ದಾವಣಗೆರೆಯ ಬಸ್ ನಿಲ್ದಾಣದ ಹೊರಗೆ ನಿಂತು ನಾವು ಕೂಗಿ ಕರೆಯುವುದು ಗ್ರೀಕಿನ ಸರ್ವನಾಮವನ್ನೇ.

ಮಗ್ಗದ ದಾರಿ ಇನ್ನೊಂದು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದುಕೊಟ್ಟದ್ದು ಹತ್ತಿಯ ಗಿರಣಿಗಳು. ಅರಿಸ್ಟಾಟಲ್ ತನ್ನ 'ಪಾಲಿಟಿಕ್ಸ್' ಗ್ರಂಥದಲ್ಲಿ ಹೆಫೈಸ್ಟಸ್‌ನ ಮುಕ್ಕಾಲಿಪೀಠಗಳನ್ನು ನೆನೆದು, ಲಾಳಿ ತಾನೇ ನೇಯುವಂತಿದ್ದರೆ ಒಡೆಯನಿಗೆ ಆಳು ಬೇಕಾಗುತ್ತಿರಲಿಲ್ಲ ಎಂದಿದ್ದ. ಆಗದ ಮಾತೆಂದೇ ಅವನು ಹೇಳಿದ್ದು. 1890ರ ದಶಕದಲ್ಲಿ ಅಮೆರಿಕದಲ್ಲಿ ನಾರ್ತ್‌ರಪ್ ಎಂಬಾತ, ಹೊಕ್ಕಿನ ನೂಲು ಮುಗಿದಾಗ ಉರುಳೆಯನ್ನು ತಾನೇ ಬದಲಾಯಿಸಿಕೊಳ್ಳುವ ಮಗ್ಗ ಮಾಡಿದ. ಜಪಾನಿನ ಸಕಿಚಿ ಟೊಯೊಡ ಅದೇ ದಾರಿಯಲ್ಲಿ ನಡೆದ; 1924ರ ಅವನ ಮಗ್ಗ ಎಳೆ ಕಡಿದರೆ ತಾನೇ ನಿಲ್ಲುತ್ತಿತ್ತು. ಕಡಿದ ಎಳೆಯಲ್ಲೇ ನೇಯುತ್ತಾ ಹೋಗಿ ಬಟ್ಟೆ ಕೆಡಿಸುವುದಲ್ಲ, ತಪ್ಪಾಯಿತೆಂದು ಅರಿತು ನಿಲ್ಲುವುದು. ಈ ಗುಣಕ್ಕೆ ಟೊಯೋಟ ಕಂಪನಿಯವರು 'ಜಿದೋಕ' ಎಂಬ ಹೆಸರು ಉಳಿಸಿಕೊಂಡರು. ಆಟೋಮ್ಯಾಟಿಕ್ ಎಂಬುದಕ್ಕೆ ಜಪಾನಿಯರು ಬರೆಯುವ ಅಕ್ಷರಗಳಲ್ಲಿ ಚಲನೆಯ ಅಕ್ಷರ ಒಂದಿದೆ. ಟೊಯೋಟದವರು ಅದರ ಪಕ್ಕಕ್ಕೆ ಮನುಷ್ಯನನ್ನು ಸೂಚಿಸುವ ಗೆರೆಗಳನ್ನು ಸೇರಿಸಿ ಬರೆದರು. ಆಗ ಅದು ದುಡಿಮೆ ಎಂಬ ಅಕ್ಷರವಾಗುತ್ತದೆ. ಉಚ್ಚಾರ ಅದೇ, ಅರ್ಥದಲ್ಲಿ ಮನುಷ್ಯ ಮರಳಿ ಬಂದ. ಹೋಮರನ ಪದದಿಂದ ಕಳಚಿಬಿದ್ದಿದ್ದ ಮನಸ್ಸನ್ನು ಜಪಾನಿನ ಮಗ್ಗದವರು ಎರಡು ಗೆರೆಯಲ್ಲಿ ಎತ್ತಿಕೊಟ್ಟರು ಎಂದು ನಾನು ಓದಿಕೊಳ್ಳುತ್ತೇನೆ. ಅದೇ ಟೊಯೋಟ 1997ರಲ್ಲಿ ಕಿರ್ಲೋಸ್ಕರ್ ಮನೆತನದ ಜೊತೆ ಸೇರಿ ಬಿಡದಿಯಲ್ಲಿ ಕಾರಿನ ಕಂಪನಿ ಕಟ್ಟಿತು.

ಕನ್ನಡದ ಪದಕೋಶಕಾರರು ಆಟೋಮ್ಯಾಟಿಕ್‌ಗೆ ಕೊಟ್ಟ ಪದ ಸ್ವಯಂಚಾಲಿತ. ಪತ್ರಿಕೆ, ಪಠ್ಯಪುಸ್ತಕ, ಸರ್ಕಾರಿ ಸುತ್ತೋಲೆಗಳಲ್ಲಿ ಅದು ನೆಲೆಯೂರಿದೆ. ನನಗೆ ಈ ಪದದ ಮೇಲೆ ಒಂದು ದೂರು ಇದೆ. ಚಾಲಿತ ಎಂದರೆ ನಡೆಸಲ್ಪಟ್ಟದ್ದು. ತನ್ನಿಂದ ನಡೆಸಲ್ಪಟ್ಟದ್ದು ಎಂದು ಅದು ಚಲನೆಯನ್ನಷ್ಟೇ ಹಿಡಿಯಿತು. ಬೊಂಬೆಗೆ, ಗಿರಣಿಗೆ, ಟ್ರಾಫಿಕ್ ದೀಪಕ್ಕೆ ಒಪ್ಪುತ್ತದೆ. ಹುರುಳಿಗೆ, ಕರೆಯದೆ ಬಂದ ತಮ್ಮನಿಗೆ ಒಪ್ಪದು. ನಮ್ಮ ಶಾಸ್ತ್ರಕಾರರು ಇದಕ್ಕಿಂತ ಹಗುರವಾದ ಪದವನ್ನು ಆಗಲೇ ಮಾಡಿದ್ದರು. 1150ರಲ್ಲಿ ಭಾಸ್ಕರಾಚಾರ್ಯರು 'ಸಿದ್ಧಾಂತ ಶಿರೋಮಣಿ'ಯಲ್ಲಿ, ಅರೆಕಾಲುಗಳೊಳಗೆ ಪಾದರಸ ತುಂಬಿದ, ತಾನೇ ತಿರುಗುವುದೆಂದು ಅವರು ನಂಬಿದ ಚಕ್ರವನ್ನು ವರ್ಣಿಸುವಾಗ ಅದನ್ನು 'ಸ್ವಯಂವಹ' ಎಂದರು. ಅದಕ್ಕೂ ಮುಂಚೆ ಭೋಜರಾಜನ ಹೆಸರಿನ 'ಸಮರಾಂಗಣ ಸೂತ್ರಧಾರ'ದಲ್ಲಿ ಯಂತ್ರಗಳನ್ನು ವಿಂಗಡಿಸುವಾಗ ತಾನೇ ನಡೆಯುವುದು ಬೇರೆ, ಒಮ್ಮೆ ತಳ್ಳಿದರೆ ಆಮೇಲೆ ನಡೆಯುವುದು ಬೇರೆ ಎಂದು ಜಾತಿ ಮಾಡಿದ್ದಾರೆ. ಎರಡನೆಯ ಜಾತಿಯ ಹೆಸರು ಸಕೃತ್‌ಪ್ರೇರ್ಯ. ನಮ್ಮ ಪಂಪ್‌ಸೆಟ್ಟಿನ 'ಆಟೋ' ಈ ಎರಡನೆಯ ಜಾತಿಗೆ ಸೇರಬೇಕಾದದ್ದು. ಬೆಸ್ಕಾಂ ಕರೆಂಟ್ ಬಿಟ್ಟರೆ ಮಾತ್ರ ಅದು ಏಳುತ್ತದೆ.

ಗ್ರೀಸಿಗೂ ಕನ್ನಡಕ್ಕೂ ಇರುವ ಹಳೆಯ ವ್ಯವಹಾರದ ಬಗ್ಗೆ ಇಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ. ಟಾಲೆಮಿಯ ಭೂಗೋಳದಲ್ಲಿ ಬನವಾಸಿಯ ಹೆಸರಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿ ಭಾರತದ ರಾಜನೊಬ್ಬ ಆಡುವ ಅರ್ಥವಾಗದ ಮಾತು ಕನ್ನಡ ಎಂದು ವಿದ್ವಾಂಸ ಹುಲ್ಟ್ಶ್ 1904ರಲ್ಲಿ ವಾದಿಸಿದರು, ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಬೆಳೆಸಿದರು, ಬಾರ್ನೆಟ್ ಒಪ್ಪಲಿಲ್ಲ, ತುಳು ಎಂದವರೂ ಇದ್ದಾರೆ. ನನಗೆ ಬಾರ್ನೆಟ್ ಅವರ ಅನುಮಾನವೇ ಹೆಚ್ಚು ಗಟ್ಟಿ ಎನಿಸುತ್ತದೆ. ಅನುಮಾನವಿಲ್ಲದ ಒಂದು ಪದವೆಂದರೆ 'ಕೇಂದ್ರ'. ಗ್ರೀಕಿನ ಕೆಂತ್ರೊನ್ ಸಂಸ್ಕೃತದ ಜ್ಯೋತಿಷದ ಮೂಲಕ ನಮಗೆ ಬಂತು. ಕೆಂತ್ರೊನ್ ಎಂದರೆ ಮೂಲದಲ್ಲಿ ಎತ್ತನ್ನು ತಿವಿಯುವ ಮುಳ್ಳುಗೋಲು. ಆಮೇಲೆ ವೃತ್ತ ಎಳೆಯಲು ಊರುವ ಮೊನೆ, ಆಮೇಲೆ ನಡುಬಿಂದು. ರೈತ ಸಂಪರ್ಕ ಕೇಂದ್ರದ ಮುಂದೆ ಗೊಬ್ಬರಕ್ಕೆ ಸಾಲು ನಿಂತವರ ತಲೆಯ ಮೇಲಿನ ಬೋರ್ಡಿನಲ್ಲಿ ಆ ಮುಳ್ಳುಗೋಲು ಇದೆ. ಕೇಂದ್ರ ಕನ್ನಡವೇ ಆಗಿಹೋಯಿತು. ಆಟೋಮೆಟಿಕ್ ಕೂಡ ಹಾಗಾಗುವುದರಲ್ಲಿ ನನಗೆ ಬೇಸರವಿಲ್ಲ.

ಬೇಸರ ಇರುವುದು ಅದು ಬೇಲಿ ದಾಟಿದಾಗ. ದೊಡ್ಡಪ್ಪನ ಮಾತಿನಲ್ಲಿ ಎರಡು ಪದಗಳಿಗೆ ಎರಡು ಹೊಲ ಇತ್ತು. ಕನ್ನಡದ 'ತಾನು' ತಮಿಳಿನ ತಾನ್, ತೆಲುಗಿನ ತಾನುಗಳ ಒಡಹುಟ್ಟು; ಮನುಷ್ಯನಿಗೂ ಮಳೆಗೂ ಬೀಜಕ್ಕೂ ಒಂದು 'ತಾನು' ಉಂಟೆಂದು ಒಪ್ಪಿಕೊಳ್ಳುವ ಪದ. ತಾನಾಗಿ, ತಂತಾನೆ, ತನ್ನಷ್ಟಕ್ಕೆ, ತನ್ನಿಂತಾನೇ ಎಂದು ಅದಕ್ಕೆ ಬಣ್ಣಗಳಿವೆ. ಗಾಯ ತಾನಾಗಿ ಮಾಯುತ್ತದೆ. ಮಗು ತನ್ನಷ್ಟಕ್ಕೆ ಆಡಿಕೊಳ್ಳುತ್ತದೆ. ಬಾಗಿಲು ತಂತಾನೆ ತೆರೆದುಕೊಂಡರೆ ಮೈ ಜುಮ್ಮೆನ್ನುತ್ತದೆ. ಇವುಗಳ ನಡುವಿನ ವ್ಯತ್ಯಾಸ ಊರಿನ ಯಾವ ಅಜ್ಜಿಗೂ ಗೊತ್ತು. ಈಗ ಮದುವೆ ಮಾತುಕತೆಯಲ್ಲಿ "ಮದ್ವಿ ಆದ್ರೆ ಹುಡುಗ ಆಟೋಮೆಟಿಕ್ಕಾಗಿ ಸರಿ ಹೋಗ್ತಾನ" ಎನ್ನುವುದನ್ನು ಕೇಳುತ್ತೇನೆ. ಹಿಂದೆ 'ತಾನಾಗಿ ಸರಿಹೋಗ್ತಾನೆ' ಎನ್ನುತ್ತಿದ್ದರು. ಆ ಮಾತಿನಲ್ಲಿ ಸರಿಹೋಗುವ ಕೆಲಸ ಹುಡುಗನದ್ದೇ ಆಗಿತ್ತು. ಹೊಸ ಮಾತಿನಲ್ಲಿ ಅದು ಯಾರ ಕೆಲಸವೂ ಅಲ್ಲ.

ಎರಡು ವರ್ಷದ ಹಿಂದೆ ಒಂದು ಕಚೇರಿಯಲ್ಲಿ ನಮ್ಮ ಮನೆಯ ಒಬ್ಬ ಹಿರಿಯರ ಹೆಸರು ಫಲಾನುಭವಿಗಳ ಪಟ್ಟಿಯಿಂದ ಕಾಣೆಯಾಗಿತ್ತು. ಕಿಟಕಿಯ ಆಚೆಯವರು ಗಣಕದ ಪರದೆ ನೋಡಿ, "ಅದು ಆಟೋಮೆಟಿಕ್ಕಾಗಿ ಡಿಲೀಟ್ ಆಗೇತ್ರಿ, ನಾವೇನ್ ಮಾಡಿಲ್ಲ" ಅಂದರು. ಅವರು ಸುಳ್ಳು ಹೇಳಲಿಲ್ಲ. ಆದರೆ ಯಾರೋ ಒಬ್ಬರು ನಿಯಮ ಬರೆದಿದ್ದರು, ಯಾರೋ ಒಬ್ಬರು ತಪ್ಪು ಜನ್ಮದಿನಾಂಕ ತುಂಬಿದ್ದರು, ಯಾರೋ ಒಬ್ಬರು ಆ ಪಟ್ಟಿಗೆ ಒಪ್ಪಿಗೆ ಹಾಕಿದ್ದರು. ಆ ಮೂರು ಮನಸ್ಸುಗಳನ್ನೂ ಒಂದು ಕ್ರಿಯಾವಿಶೇಷಣ ನುಂಗಿಬಿಟ್ಟಿತು. 'ತಾನಾಗಿ ಹೋಗೇತಿ' ಎಂದು ಅವರು ಹೇಳಿದ್ದರೆ ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಕೇಳುತ್ತಿದ್ದರು, ಹೆಸರು ತಾನಾಗಿ ಎಲ್ಲಿಗೆ ಹೋಗುತ್ತದೆ ಎಂದು. ಆಟೋಮೆಟಿಕ್ಕಾಗಿ ಎಂದಿದ್ದರಿಂದ ಯಾರೂ ಏನೂ ಕೇಳಲಿಲ್ಲ. ನಾನೂ ಆ ದಿನ ಕೇಳದೆ ಬಂದೆ. ಹೆಸರು ಮರಳಿ ಸೇರಲು ಏಳು ತಿಂಗಳು ಹಿಡಿಯಿತು, ಅದೂ ನಾಲ್ಕು ಸಲ ಅಲೆದ ಮೇಲೆ.

ಮೊನ್ನೆ ಊರಿಗೆ ಹೋದಾಗ ದೊಡ್ಡಪ್ಪನ ಮೊಮ್ಮಗಳು ಶಾಲೆಯ ಸೈನ್ಸ್ ಪ್ರಾಜೆಕ್ಟಿಗೆ ಸಣ್ಣ ಬಕೆಟ್ಟಿನಲ್ಲಿ ಸೈಫನ್ ಮಾಡಿಕೊಂಡು ಕೂತಿದ್ದಳು. ಅವಳು 'ಆಟೋಮೆಟಿಕ್ಕಾಗಿ' ಎನ್ನುವುದಿಲ್ಲ. ಅಜ್ಜ ಕತ್ತರಿಸಿ ಹಾಕಿದ್ದ ಬಾಲ ಅವಳ ಮಾತಿಗೆ ಮರಳಿ ಬಂದಿದೆ: "ನೀರು ಇಲ್ಲಿಗೆ ಬಂದ್ರೆ ಆಟೋಮ್ಯಾಟಿಕಲಿ ಹೊರಗ್ ಹೋಗ್ತತಿ ಅಜ್ಜ." ಅವಳ ವಾಕ್ಯದಲ್ಲಿ 'ಆಗಿ'ಗೆ ಜಾಗವಿಲ್ಲ. ದೊಡ್ಡಪ್ಪ ಬಗ್ಗಿ ನೋಡಿದರು. ನೀರು ಕೊಳವೆಯ ಬಾಗು ಮುಟ್ಟಿ, ಒಂದು ಗಳಿಗೆ ತಡೆದು, ಧುಮುಕಿತು.

"ಓ, ಕೋಡಿ ಬಿತ್ತು" ಅಂದರು.